ಹಂಡೆಯ ಮೂರನೆಯ ತಂತಿ

ಮಠದ ಹಂಡೆಯ ಮೂರನೆಯ ತಂತಿ, ಅಂದರೆ ಅರ್ಥಿಂಗ್ ತಂತಿ, ಕತ್ತರಿಸಿದವನು ಮಠದ ಶಿಷ್ಯನೇ. ತಿಳಿಯದೆ ಕತ್ತರಿಸಲಿಲ್ಲ. ಲೆಕ್ಕ ಮಾಡಿ ಕತ್ತರಿಸಿದ.

ಹೆಸರು ಚನ್ನವೀರ. ಪಾಲಿಟೆಕ್ನಿಕ್ಕಿನಲ್ಲಿ ಕರೆಂಟಿನ ವಿದ್ಯೆ ಕಲಿತು, ಆಮೇಲೆ ಹೊಳೆದಂಡೆಯ ಮಠಕ್ಕೆ ಬಂದು ಕಾವಿ ಉಟ್ಟವನು.

ಹಂಡೆ ಇದ್ದದ್ದು ದಾಸೋಹದ ಹಿಂದಿನ ಕೋಣೆಯಲ್ಲಿ. ಅದರೊಳಗೆ ನೀರು ಕಾಯಿಸುವ ಕರೆಂಟಿನ ಕಾಯಿಲ್. ಆ ನೀರಿನಲ್ಲಿ ಸಂಕವ್ವ, ದ್ಯಾಮವ್ವ ಇಬ್ಬರೂ ಪಾತ್ರೆ ತೊಳೆಯುತ್ತಿದ್ದರು. ನೆಲದ ಮೇಲೆ ಯಾವಾಗಲೂ ನೀರು ನಿಂತಿರುತ್ತಿತ್ತು.

ಆ ದಿನ ಸಂಕವ್ವ ಹಂಡೆಯ ಹಿಡಿಕೆ ಮುಟ್ಟಿದಳು. ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ದ್ಯಾಮವ್ವ ಒಣ ಕಟ್ಟಿಗೆಯಿಂದ ಹೊಡೆದು ಬಿಡಿಸಿದಳು.

ಮಠದ ಗುರು ಓಡಿ ಬಂದರು, ಹಿಂದೆಯೇ ಚನ್ನವೀರ. ಸಂಕವ್ವ ಗೋಡೆಗೆ ಒರಗಿ ಕುಳಿತಿದ್ದಳು. ಬಲಗೈ ಮೇಲೇಳುತ್ತಿರಲಿಲ್ಲ.

"ಏನಾತವ್ವಾ?"

"ಹಂಡೆ ಕಚ್ಚಿ ಹಿಡೀತ್ರಿ, ಅಜ್ಜಾರ."

"ಹಂಡೆಗೆ ಹಲ್ಲು ಬಂದಾವೇನು?" ಚನ್ನವೀರ ನಕ್ಕ. "ಹೆದರ್ಯಾಳ್ರಿ, ಅಷ್ಟ. ನಿನ್ನೆ ನಾನ ಮುಟ್ಟಿ ನೋಡೀನಿ. ಏನೂ ಆಗಲಿಲ್ಲ."

"ನೀವು ಕಾವಿ ಉಟ್ಟ ಮರಿದೇವ್ರು," ಎಂದಳು ಸಂಕವ್ವ. "ನಿಮ್ಮನ್ನ ಹಂಡೆನೂ ಬಿಡತೈತಿ. ನನ್ನ ಯಾಕ ಬಿಟ್ಟೀತು?"

ಅವಳನ್ನು ಜೀಪಿನಲ್ಲಿ ದವಾಖಾನೆಗೆ ಕಳಿಸಿದರು.

ಜೀಪು ಇನ್ನೂ ಅಂಗಳ ದಾಟಿರಲಿಲ್ಲ. ಚನ್ನವೀರ ದ್ಯಾಮವ್ವನ ಕಡೆ ತಿರುಗಿದ.

"ನೀ ತೊಳಿಯಬೇ. ಪಂಕ್ತಿ ಕಾಯಾಕ ಹತ್ತೈತಿ."

ದ್ಯಾಮವ್ವ ಹಂಡೆಯನ್ನು ನೋಡಿದಳು. ಸ್ವಿಚ್ಚಿನ ಕೆಂಪು ದೀಪ ಉರಿಯುತ್ತಲೇ ಇತ್ತು.

"ನಿಲ್ಲವ್ವಾ," ಎಂದರು ಗುರು. ಚನ್ನವೀರನನ್ನು ಕೇಳಿದರು: "ಈ ಹಂಡೆ ಹಚ್ಚಿದಾಗೆಲ್ಲ ಫ್ಯೂಸ್ ಸುಡತಿತ್ತಲ್ಲ, ಈಗ್ಯಾಕ ಸುಡವಲ್ದು?"

"ಕಾಯಿಲ್ ಬಿರುಕು ಬಿಟ್ಟೈತ್ರಿ. ಕರೆಂಟ್ ಹಂಡೆ ಮೈಗೆ ಬರತಿತ್ತು. ಅರ್ಥಿಂಗ್ ತಂತಿ ಅದನ್ನ ನೆಲಕ್ಕ ಒಯ್ಯತಿತ್ತು, ಫ್ಯೂಸ್ ಸುಡತಿತ್ತು. ನಿಮ್ಮ ಪ್ರವಚನದಾಗ ಮೈಕ್ ನಿಂತು ಭಕ್ತರು ಗೊಣಗಿದ್ರು. ಅದಕ್ಕ ಆ ತಂತಿ ಕತ್ತರಿಸಿದೆ. ಮತ್ತ ಸುಡಲೇ ಇಲ್ಲ."

ಮಾಡಿದ ಸೇವೆ ಹೇಳಿಕೊಂಡ ಹಾಗೆ ಹೇಳಿದ.

ಗುರು ಅವನ ಎದುರು ಬಂದು ನಿಂತರು.

"ನಿನ್ನ ಲೆಕ್ಕ ಹೇಳು."

"ವೋಲ್ಟೇಜ್ ಇನ್ನೂರ ಮೂವತ್ತು. ಕಾಯಿಲ್ಲಿನ ಕರೆಂಟ್ ಹತ್ತು ಆಂಪಿಯರ್. ಭಾಗಿಸಿದ್ರ ಅದರ ತಡೆ, ಇಪ್ಪತ್ತಮೂರು ಓಮ್. ಗುಣಿಸಿದ್ರ ಶಕ್ತಿ, ಎರಡು ಸಾವಿರದ ಮುನ್ನೂರು ವಾಟ್. ಫ್ಯೂಸ್ ಹದಿನೈದು ಆಂಪಿಯರಿಂದು. ಎಲ್ಲಾ ಸರಿ ಐತ್ರಿ."

"ಹಂಡೆ ಲೆಕ್ಕ ಆತು. ಸಂಕವ್ವನ ಲೆಕ್ಕ?"

ಚನ್ನವೀರ ಹಂಡೆಯ ಕಡೆ ನೋಡಿದ.

"ಒದ್ದೆ ಮೈಯ ತಡೆ ಎಷ್ಟು?"

"ಸಾವಿರ ಓಮ್ ಹಿಡೀಬಹುದ್ರಿ."

"ಭಾಗಿಸು."

"ಕಾಲು ಆಂಪಿಯರೂ ಇಲ್ಲ."

"ಫ್ಯೂಸಿಗೆ ಅದು ತಿಳೀತೈತೇನು?"

"ಇಲ್ರಿ. ಹದಿನೈದು ದಾಟಬೇಕು."

"ಸಂಕವ್ವನ ಎದೆಗೆ?"

"ಅದರ ಅರ್ಧ ಸಾಕು," ಎಂದ. ದನಿ ಸಣ್ಣದಾಗಿತ್ತು.

"ಈಗ ಗುಣಿಸು."

"ಐವತ್ತಮೂರು ವಾಟ್."

ಗುರು ತಲೆಯ ಮೇಲಿನ ಹಳೆಯ ಬಲ್ಬ್ ತೋರಿಸಿದರು. "ಇದು?"

"ಅರವತ್ತು."

ಇಬ್ಬರೂ ಬಲ್ಬನ್ನೇ ನೋಡಿದರು. ಒಂದು ಹೆಣ ಬೀಳಲು ಅದು ಉರಿಯುವಷ್ಟು ಶಕ್ತಿಯೂ ಬೇಡ. ಇದೇ ಲೆಕ್ಕ ಬರೆದು ಚನ್ನವೀರ ಪರೀಕ್ಷೆ ಪಾಸಾಗಿದ್ದ.

"ನಿನ್ನೆ ನೀ ಮುಟ್ಟಿದಾಗ ಕಾಲಾಗ ಏನಿತ್ತು?"

ಚನ್ನವೀರ ತನ್ನ ಕಾಲು ನೋಡಿಕೊಂಡ. ಕಟ್ಟಿಗೆಯ ಆವುಗೆ, ಕರೆಂಟನ್ನು ನೆಲಕ್ಕೆ ಹೋಗಗೊಡದ್ದು. ಆ ಕೋಣೆಯಲ್ಲಿ ಕಾವಿ ಉಟ್ಟವರು ಆವುಗೆ ಮೆಟ್ಟಬಹುದು. ಪಾತ್ರೆ ತೊಳೆಯುವ ಹೆಂಗಸರು ರಬ್ಬರ್ ಚಪ್ಪಲಿಯನ್ನೂ ಬಾಗಿಲಾಚೆ ಬಿಡಬೇಕು. ಅದು ಮಠದ ಪದ್ಧತಿ.

"ತೆಗಿ. ನೀರಾಗ ನಿಂತು ಮುಟ್ಟು."

ಚನ್ನವೀರ ಒಂದು ಆವುಗೆ ಬಿಟ್ಟ. ಇನ್ನೊಂದು ಬಿಡಲು ಅವನ ಕಾಲು ಒಪ್ಪಲಿಲ್ಲ.

"ಆಗೂದಿಲ್ರಿ, ಅಜ್ಜಾರ."

ಗುರು ತಮ್ಮ ಆವುಗೆ ಎರಡೂ ಬಿಟ್ಟರು. ಬರಿಗಾಲಲ್ಲಿ ನೀರಿಗೆ ಇಳಿದು ಹಂಡೆಯ ಕಡೆ ಕೈ ಚಾಚಿದರು.

ಚನ್ನವೀರ ಹಾರಿ ಹೋಗಿ ಪ್ಲಗ್ ಕಿತ್ತ. ಕೆಂಪು ದೀಪ ಆರಿತು.

"ಯಾಕ ಕಿತ್ತಿ?"

"ನೀವು ಸತ್ತು ಹೋಗತಿದ್ರಿ."

"ಗೊತ್ತಿತ್ತೇನು ನಿನಗ?"

"ಗೊತ್ತಿತ್ರಿ."

"ಈಗ, ದ್ಯಾಮವ್ವಗ ತೊಳಿ ಅಂದಾಗ?"

ಚನ್ನವೀರ ಪ್ಲಗ್ ಕೈಬಿಟ್ಟ. ದ್ಯಾಮವ್ವ ಅವನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಇಷ್ಟು ದಿನ ಆ ಮುಖಕ್ಕೆ ಅವಳು ಕೈಮುಗಿದಿದ್ದಳು.

ಅವನು ಗುರುವಿನ ಕಾಲು ಹಿಡಿದ. "ಪ್ರಾಯಶ್ಚಿತ್ತ ಹೇಳ್ರಿ. ಎಷ್ಟು ಜಪ ಮಾಡ್ಲಿ?"

"ಜಪದಿಂದ ತಂತಿ ಕೂಡತೈತೇನು? ಮೊದಲ ದ್ಯಾಮವ್ವನ ಮುಖ ನೋಡು. ನನ್ನ ಮಾತು ನಿಲ್ಲಬಾರದು ಅಂತ ಆಕಿ ಉಸಿರು ನಿಲ್ಲಿಸಾಕ ಹೊಂಟಿದ್ದಿ. ಫ್ಯೂಸ್ ಯಾಕ ಸುಡವಲ್ದು ಅಂತ ಕೇಳದ ಮೈಕ್ ಹಿಡಿದು ಕುಂತಾಂವ ನಾನು."

ಗುರು ಬರಿಗಾಲಲ್ಲೇ ದಾಸೋಹದ ಪಡಸಾಲೆಗೆ ಬಂದರು. ಭಕ್ತರು ಎಲೆಯ ಮುಂದೆ ಸಾಲಾಗಿ ಕುಳಿತಿದ್ದರು. ಯಾರೋ ಮೈಕ್ ತಂದರು. ಗುರು ಅದನ್ನು ಪಕ್ಕಕ್ಕೆ ಸರಿಸಿದರು.

"ಏಳ್ರಿ, ಊಟ ಆಮ್ಯಾಲೆ. ನಿಮ್ಮ ಮನ್ಯಾಗ, ನಿಮ್ಮ ಅಂಗಡ್ಯಾಗ ಒದ್ದೆ ನೆಲದ ಮ್ಯಾಲೆ ನಿಂತು ದುಡಿಯೋರ ಕೈಗೆ ಕರೆಂಟಿಂದು ಏನು ಕೊಟ್ಟೀರಿ, ಅದಕ್ಕ ಮೂರನೇ ತಂತಿ ಐತೋ ಇಲ್ಲೋ ಇವತ್ತ ನೋಡ್ರಿ. ಇಲ್ಲಂದ್ರ ಪ್ಲಗ್ ಕಿತ್ತು ತಂತಿ ಹಾಕಿಸ್ರಿ, ಹಾಕಿಸೂತನಕ ಈ ಮಠದ ಮೆಟ್ಟಲ ಹತ್ತಬ್ಯಾಡ್ರಿ."