ಜರಡಿರಾಯನ ಕಪ್ಪುಪಟ್ಟಿ

"ಕೇಳಿರಿ, ಕೇಳಿರಿ. ಯಾರ ಇಮೇಲ್ ವಿಳಾಸ ಕಪ್ಪುಪಟ್ಟಿಗೆ ಸೇರಿದೆಯೋ ಅವರು ಅರಮನೆಯ ಅಂಗಳಕ್ಕೆ ಬಂದು ಜರಡಿರಾಯನ ಮೂರು ಒಗಟುಗಳನ್ನು ಬಿಡಿಸತಕ್ಕದ್ದು. ಬಿಡಿಸಿದವರ ಹೆಸರು ಪಟ್ಟಿಯಿಂದ ಹೋಗುವುದು, ಮೇಲೆ ಬೇಡಿದ್ದು ಸಿಗುವುದು. ತಪ್ಪಿದವರ ವಿಳಾಸಕ್ಕೆ ಮರಣದಂಡನೆ." ಹೀಗೆಂದು ನೀಲಕೋಟೆಯ ರಾಜ ಡಂಗುರ ಹೊಡೆಸಿದ. ಡಂಗುರದವನು ಊರೂರಲ್ಲಿ ನಿಂತು ಆಯಾ ಊರಿನವರ ಹೆಸರುಗಳನ್ನೂ ಓದಿದ.

ನೀಲಕೋಟೆಯಲ್ಲಿ ಆನೆ, ಅಂಬಾರಿ, ಇಮೇಲು ಎಲ್ಲವೂ ಇದ್ದವು. ಹೇಗೆ ಎಂದು ನನ್ನನ್ನು ಕೇಳಬೇಡಿ, ಕತೆ ಎಂದ ಮೇಲೆ ಇರುತ್ತವೆ. ಅಲ್ಲಿನವರು ಇಮೇಲಿಗೂ ಓಲೆ ಎಂದೇ ಅನ್ನುತ್ತಿದ್ದರು. ಆ ಓಲೆಗಳನ್ನು ಸೋಸಲು ರಾಜ ಜರಡಿರಾಯನೆಂಬ ರಕ್ಕಸನನ್ನು ಇಟ್ಟಿದ್ದ. ಯಾರ ಓಲೆಯನ್ನು ಬಹಳ ಜನ ಕಸದ ಬುಟ್ಟಿಗೆ ಹಾಕುತ್ತಾರೋ ಅವರ ವಿಳಾಸ ಕಪ್ಪುಪಟ್ಟಿಗೆ. ಆಮೇಲೆ ಅವರು ಬರೆದದ್ದು ಯಾರಿಗೂ ಮುಟ್ಟದು. ಮುಟ್ಟಲಿಲ್ಲವೆಂದು ಅವರಿಗೆ ತಿಳಿಸುವ ಗೋಜಿಗೂ ಯಾರೂ ಹೋಗುತ್ತಿರಲಿಲ್ಲ.

ಗುಡ್ಡದ ನೆತ್ತಿಯಲ್ಲಿ ಕಂಬಳಿ ನೇಯುತ್ತಿದ್ದ ದ್ಯಾಮಣ್ಣನ ಹೆಸರೂ ಆ ಪಟ್ಟಿಯಲ್ಲಿತ್ತು. ಹಿಂದಿನ ವರ್ಷ ಅವನ ಅವ್ವ ತೀರಿಕೊಂಡಿದ್ದಳು. ಅವನು ನೆಂಟರಿಷ್ಟರಿಗೆಲ್ಲ ಸುದ್ದಿ ಬರೆದ. ಕೆಲವು ದಿನ ಬಿಟ್ಟು ಕರ್ಮದ ಊಟಕ್ಕೆ ಕರೆದು ಬರೆದ. ಅಡುಗೆ ಮಾಡಿಟ್ಟು ಸಂಜೆಯವರೆಗೂ ದಾರಿ ನೋಡಿದ. ಒಬ್ಬರೂ ಬರಲಿಲ್ಲ. ಕಡಲಾಚೆ ಮದುವೆಯಾಗಿ ಹೋಗಿದ್ದ ಅಕ್ಕ ಸಾವಂತ್ರಿಯೂ ಬರಲಿಲ್ಲ. ಅವಳಿಗೆ ಮತ್ತೆ ಮತ್ತೆ ಬರೆದ. ಒಂದಕ್ಷರ ಉತ್ತರವಿಲ್ಲ. ತಾನು ಯಾರಿಗೂ ಬೇಡವಾದೆನೆಂದು ತಿಳಿದು ಅವನು ಮಗ್ಗ ಬಿಟ್ಟು ಹೊರಗೆ ಬರುವುದನ್ನೇ ಮರೆತಿದ್ದ.

ಡಂಗುರದವನ ಬಾಯಲ್ಲಿ ತನ್ನ ಹೆಸರು ಕೇಳಿದಾಗ ಅವನಿಗೆ ಮೊದಲ ಸಲ ಬೇರೆ ಯೋಚನೆ ಬಂತು. ಓಲೆಗಳು ಅಕ್ಕನಿಗೆ ಮುಟ್ಟಿಯೇ ಇಲ್ಲವೇನೋ. ಒಗಟಿನಲ್ಲಿ ಸೋತರೆ ತನ್ನ ವಿಳಾಸವೂ ಸಾಯುತ್ತದೆ, ಅವಳನ್ನು ತಲುಪಲು ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಆದರೂ ಕಂಬಳಿ ಹೊದ್ದು ಅರಮನೆಗೆ ಹೊರಟ.

ಅಂಗಳದಲ್ಲಿ ಅವನಿಗಿಂತ ಮುಂದೆ ಇಬ್ಬರಿದ್ದರು. ಒಬ್ಬ ಕೂದಲು ಬೆಳೆಸುವ ಎಣ್ಣೆಯ ವ್ಯಾಪಾರಿ, ಕೂಸುಗಳಿಗೂ ಬಿಡದೆ ಓಲೆ ಕಳಿಸಿದವನು. ಇನ್ನೊಬ್ಬ ಮುದಿ ದಳವಾಯಿ. ಕೆಲಸದಿಂದ ನಿವೃತ್ತನಾದ ಮೇಲೆ ಇಡೀ ರಾಜ್ಯಕ್ಕೆ ದಿನವೂ ಗುಲಾಬಿಯ ಚಿತ್ರದೊಡನೆ ಶುಭೋದಯ ಹೇಳುತ್ತಿದ್ದ.

ಜರಡಿರಾಯ ಮೊದಲನೆಯ ಒಗಟು ಹೇಳಿದ. "ಕದ್ದರೂ ಮಾಲೀಕನ ಬಳಿಯೇ ಉಳಿಯುತ್ತದೆ. ಕದ್ದವನು ತಪ್ಪು ಮಾಡಿದರೆ ಮಾಲೀಕನಿಗೆ ಏಟು ಬೀಳುತ್ತದೆ. ಏನದು?"

"ನೆರಳು," ಎಂದ ವ್ಯಾಪಾರಿ ಗಲ್ಲ ಸವರಿಕೊಳ್ಳುತ್ತ.

"ನೆರಳನ್ನು ಕದ್ದು ನೀನು ಏನು ಮಾಡುತ್ತೀಯ?" ಎಂದು ರಕ್ಕಸ ಅವನ ವಿಳಾಸವನ್ನು ಒರೆಸಿ ಹಾಕಿದ. ವ್ಯಾಪಾರಿಯ ತಲೆ ಅಲ್ಲೇ ಇತ್ತು, ಆದರೆ ಇನ್ನು ಮೇಲೆ ಅವನು ಯಾರಿಗೂ ಬರೆಯುವಂತಿಲ್ಲ, ಯಾರೂ ಅವನಿಗೆ ಬರೆಯುವಂತಿಲ್ಲ.

"ಹೆಸರು ಅಲ್ಲೇನ್ರಿ?" ಎಂದ ದ್ಯಾಮಣ್ಣ ಹಿಂದಿನಿಂದ. "ಯಾವನೋ ನನ್ನ ಹೆಸರು ಹೇಳಿ ತೂತು ಕಂಬಳಿ ಮಾರಿದ್ದ. ಹೆಸರು ನನ್ನ ಹತ್ರಾನ ಇತ್ತು, ಬೈಗುಳಾನೂ ನನಗ ಬಂದ್ವು."

ರಕ್ಕಸ ಸರಿಯೆಂದು ತಲೆಯಾಡಿಸಿ ಎರಡನೆಯದನ್ನು ಕೇಳಿದ. "ಒಳಗಿದ್ದವರು ಹೋದಷ್ಟೂ ದೊಡ್ಡದಾಗುವುದು ಯಾವುದು?"

"ಗುಂಡಿ," ಎಂದ ದಳವಾಯಿ ಎದೆ ಸೆಟೆಸಿ. "ಮಣ್ಣು ತೆಗೆದಷ್ಟೂ ದೊಡ್ಡದಾಗುತ್ತದೆ."

"ಮಣ್ಣು ತಾನಾಗಿ ಎದ್ದು ಹೋಗುತ್ತದೆಯೇ?" ಎಂದ ರಕ್ಕಸ. ಅವನ ವಿಳಾಸವನ್ನೂ ಒರೆಸಿದ. ಮರುದಿನದಿಂದ ಜರಡಿಗೂ ಗುಲಾಬಿ ಬರಲಿಲ್ಲ.

ದ್ಯಾಮಣ್ಣನಿಗೆ ಉತ್ತರ ಗೊತ್ತಿತ್ತು, ಹೇಳಲು ಕಷ್ಟವಾಗುತ್ತಿತ್ತು. "ಮನಿ," ಎಂದ ಕೊನೆಗೆ. "ಅವ್ವ ಹೋದ ಮ್ಯಾಲೆ ನಮ್ಮ ಮನಿ ಭಾಳ ದೊಡ್ಡದಾಗೇತ್ರಿ. ಒಲಿ ಮುಂದಿಂದ ಬಾಗಲಾತನಕ ಹೋಗಾಕ ದೂರ ಅನಸ್ತೈತಿ."

ಮೂರನೆಯದನ್ನು ಹೇಳುವ ಮುನ್ನ ಜರಡಿರಾಯ ಹಣೆ ತಿಕ್ಕಿಕೊಂಡ. "ಇದಕ್ಕೆ ಉತ್ತರ ನನಗೂ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಇದಕ್ಕಾಗಿಯೇ ಡಂಗುರ ಹೊಡೆಸಿ ಎಂದು ರಾಜನನ್ನು ಕಾಡಿದ್ದು. ಒಬ್ಬ ಒಂದು ಓಲೆ ಬರೆದ. ಅದರಲ್ಲಿ ಮೋಸವಿಲ್ಲ, ಮಾರಾಟವಿಲ್ಲ. ಓದಿದವರೆಲ್ಲ ಅತ್ತರು. ಅಳುತ್ತಲೇ ಅದನ್ನು ಕಸದ ಬುಟ್ಟಿಗೆ ಹಾಕಿದರು. ಅಷ್ಟು ಜನ ಹಾಕಿದ ಮೇಲೆ ನಾನು ಅವನನ್ನು ಪಟ್ಟಿಗೆ ಸೇರಿಸಲೇಬೇಕಾಯಿತು. ಅಳು ತರಿಸಿದ್ದನ್ನು ಅವರು ಕಸಕ್ಕೇಕೆ ಹಾಕಿದರು?"

ದ್ಯಾಮಣ್ಣ ಒಂದು ಹೆಜ್ಜೆ ಮುಂದೆ ಬಂದ. "ಅತ್ತರೇನ್ರಿ?"

"ಅತ್ತರು. ಕಣ್ಣಾರೆ ಕಂಡಿದ್ದೇನೆ."

"ಆ ಓಲಿ ನಂದರಿ. ನಮ್ಮವ್ವ ಸತ್ತ ಸುದ್ದಿ," ಎಂದ ದ್ಯಾಮಣ್ಣ. "ಸಾವಿನ ಸುದ್ದಿ ತಂದ ಓಲಿ ಮನ್ಯಾಗ ಇಟ್ಕೊಳ್ಳಾಂಗಿಲ್ಲ. ಓದಿದ ಕೂಡ್ಲೆ ಹರದು ಹೊರಗ ಒಗೀಬೇಕು. ಹಾಳಿ ಆದ್ರ ಹರೀಬಹುದು, ಇದನ್ನ ಹ್ಯಾಂಗ ಹರೀತಾರ? ಅದಕ್ಕ ಕಸದ ಬುಟ್ಟಿಗೆ ಹಾಕ್ಯಾರ. ನನ್ನ ಮ್ಯಾಲಿನ ಸಿಟ್ಟಿಗಲ್ಲ."

ರಕ್ಕಸರ ಕುಲದಲ್ಲಿ ಯಾರೂ ಸಾಯುವುದಿಲ್ಲ. ಜರಡಿರಾಯನಿಗೆ ಎಣಿಸಲು ಬರುತ್ತಿತ್ತು, ಅಷ್ಟೇ. "ಹಾಗಾದರೆ ಅವರು ಆಮೇಲೆ ನಿನಗೇಕೆ ಬರೆಯಲಿಲ್ಲ?" ಎಂದು ಮೆಲ್ಲಗೆ ಕೇಳಿದ.

"ಸಾವಿನ ಓಲಿಗೆ ಉತ್ತರ ಬರಿಯೋ ಪದ್ಧತಿ ಇಲ್ರಿ. ಊಟಕ್ಕ ಕರದ ಮ್ಯಾಲೆನ ಬರ್ತಾರ, ಕರೀದ ಯಾರೂ ಬರಾಂಗಿಲ್ಲ. ನಾ ಕರದಿದ್ದೆ. ಅದು ನಿಮ್ಮ ಜರಡ್ಯಾಗ ಉಳೀತು."

ರಕ್ಕಸ ಎದ್ದು ಅವನ ಹೆಸರನ್ನು ತಾನೇ ಒರೆಸಿದ. ಬೇಡಿದ್ದನ್ನು ಕೊಡುತ್ತೇನೆಂದು ರಾಜ ಹೇಳಿದ. ಅರ್ಧ ರಾಜ್ಯ, ರಾಜಕುಮಾರಿ ಎಂದು ನೀವು ಕಾಯಬೇಡಿ. ಜರಡಿಯಲ್ಲಿ ಉಳಿದ ತನ್ನ ಓಲೆಗಳನ್ನು ಬಿಟ್ಟುಬಿಡಿ ಎಂದಷ್ಟೇ ದ್ಯಾಮಣ್ಣ ಬೇಡಿದ.

ಹಾಗೆ ಹೋದ ವರ್ಷದ ಊಟದ ಕರೆ ಈ ವರ್ಷ ಸಾವಂತ್ರಿಗೆ ಮುಟ್ಟಿತು. ಅವಳು ತಾರೀಖು ನೋಡಿದಳು, ಸಿಕ್ಕ ಹಡಗು ಹತ್ತಿದಳು. ಗುಡ್ಡ ಹತ್ತಿ ಬಂದು ಏದುಸಿರು ಬಿಡುತ್ತ ತಮ್ಮನ ಮುಂದೆ ನಿಂತಳು.

"ನನ್ನ ಕರೀಲಿಲ್ಲಂತ ವರ್ಷಪೂರ್ತಿ ನಿನಗ ಬೈದೆನೋ ತಮ್ಮಾ," ಎಂದಳು.

"ನಾನೂ ಬೈದೆ," ಎಂದ ದ್ಯಾಮಣ್ಣ.

ಅವ್ವ ಸತ್ತ ದಿನದಿಂದ ಅವನಿಗೆ ಅಳು ಬಂದಿರಲಿಲ್ಲ. ಎದುರಿಗೆ ಯಾರೂ ಇಲ್ಲದೆ ಅಳುವುದು ಅವನಿಗೆ ಆಗಿರಲಿಲ್ಲ. ಈಗ ಬಂತು. ಅಕ್ಕ ತಮ್ಮ ಇಬ್ಬರೂ ಹೊಸ್ತಿಲಲ್ಲೇ ಕೂತು, ಒಂದು ವರ್ಷ ತಡವಾಗಿ, ಅವ್ವನಿಗಾಗಿ ಅತ್ತರು.