ಹೊಸ ನೀರಿಗೆ ಹೆಪ್ಪು

“ಗುರುಗಳೇ, ಎಷ್ಟು ತೊಳೆದರೂ ಉಳಿಯುವುದನ್ನು ಏನು ಮಾಡಬೇಕು?”

ಕೇಳಿದವನು ನಿರಂಜನ. ಹೆಂಡತಿ ತೀರಿಕೊಂಡ ಮೇಲೆ ಮಠಕ್ಕೆ ಬಂದು ಸೇರಿದವನು. ಬಂದು ಮೂರು ವರ್ಷವಾಗಿತ್ತು. ನಿರಂಜನ ಎಂಬುದು ಮಠದಲ್ಲಿ ಇಟ್ಟ ಹೆಸರು. ಅವನು ಅವಳ ಸೀರೆಗಳನ್ನು ಹಂಚಿದ್ದ, ಫೋಟೊವನ್ನು ಹೊಳೆಗೆ ಬಿಟ್ಟಿದ್ದ. ಆದರೂ ಒಂದು ಉಳಿದುಬಿಟ್ಟಿದೆ ಎಂದು ಹೇಳಿದ. ಅವಳು ತನ್ನನ್ನು ಕರೆಯುತ್ತಿದ್ದ ಹೆಸರು. ಅದು ಮನೆಯೊಳಗಿನ ಹೆಸರು, ಬೇರೆ ಯಾರೂ ಹಾಗೆ ಕರೆದವರಿಲ್ಲ. ಧ್ಯಾನಕ್ಕೆ ಕೂತರೆ ಅದೇ ಕೇಳಿಸುತ್ತದೆ. ಅದೊಂದು ಹೋದರೆ ಮನಸ್ಸು ತಿಳಿಯಾಗುತ್ತದೆ ಎಂದ.

ದಿನಕ್ಕೆ ಮೂರು ಸಲ ಅಂಗಳ ಗುಡಿಸಿ ಮಠದ ಪೊರಕೆಗಳನ್ನೆಲ್ಲ ಸವೆಸಿದವನು ನೀನೇ ತಾನೆ ಎಂದು ಗುರುಗಳು ನಕ್ಕರು. ಆಮೇಲೆ ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಧೂಳೆಂದರೆ ಅವನಿಗೆ ಆಗದು. ಒಂದು ಕಣ ಧೂಳು ಒಳಗೆ ಹೊಕ್ಕರೆ ಗಡಿಯಾರ ನಿಲ್ಲುತ್ತದೆ ಎಂಬುದು ಅವನ ಕಸುಬಿನ ಮೊದಲ ಪಾಠ. ಊಟದ ತಟ್ಟೆಯನ್ನೂ ಅವನು ಬೆಳಕಿಗೆ ಹಿಡಿದು ನೋಡಿಯೇ ಮುಂದಿಟ್ಟುಕೊಳ್ಳುತ್ತಿದ್ದ. ಅವನ ಹೆಂಡತಿ ಹಾಗಲ್ಲ. ಹಿತ್ತಿಲಿನ ಸಿಮೆಂಟಿನ ತೊಟ್ಟಿಯಲ್ಲಿ ಅವಳು ಬಣ್ಣದ ಆರು ಮೀನು ಸಾಕಿದ್ದಳು. ತೊಟ್ಟಿಯ ತುಂಬ ಪಾಚಿ. ಅವಳು ನೀರಿನ ಮೇಲೆ ಬೆರಳಾಡಿಸಿದರೆ ಆರೂ ಮೇಲೆ ಬಂದು ಬೆರಳನ್ನು ಮುಟ್ಟುತ್ತಿದ್ದವು.

ಅವಳು ತೀರಿಕೊಂಡಳು. ಅವಳ ಕೈ ಗುರುತಿದ್ದ ಜೀವಗಳೆಂದರೆ ಮನೆಯಲ್ಲಿ ಅವನು ಮತ್ತು ಆ ಆರು ಮೀನು, ಅಷ್ಟೆ. ಅವು ಬದುಕಬೇಕು ಎಂಬುದೊಂದೇ ಅವನಿಗೆ ಉಳಿದ ಆಸೆ.

ಒಂದು ಬೇಸಿಗೆಯಲ್ಲಿ ತೊಟ್ಟಿ ಬಿರುಕು ಬಿಟ್ಟಿತು. ನೀರು ಬಿರುಕಿನ ಮಟ್ಟಕ್ಕೆ ಇಳಿದು, ತಳದಲ್ಲಿ ಗೇಣುದ್ದ ಉಳಿಯಿತು. ಅವನು ಪೇಟೆಯಿಂದ ದೊಡ್ಡ ಗಾಜಿನ ತೊಟ್ಟಿ ತಂದ. ಹಳೆಯ ತೊಟ್ಟಿಯ ಕಲ್ಲುಗಳನ್ನು ಬ್ರಷ್ಷಿನಿಂದ ಉಜ್ಜಿ, ಕುದಿಸಿ, ಬಿಸಿಲಿಗೆ ಹರಡಿ ಒಣಗಿಸಿದ. ಹೊಸ ಮರಳು ಹಾಸಿದ. ನಲ್ಲಿಯ ನೀರು ತುಂಬಿದ. ಆಚೆ ಬದಿಯ ಗೋಡೆಯ ಕ್ಯಾಲೆಂಡರಿನ ಅಂಕಿ ನೀರಿನ ಮೂಲಕ ಓದಲು ಬರುತ್ತಿತ್ತು. ಅವಳಿದ್ದಿದ್ದರೆ ಒಪ್ಪುತ್ತಿದ್ದಳು ಎಂದುಕೊಂಡು ಮೀನುಗಳನ್ನು ಬಿಟ್ಟ.

ಮೂರನೆಯ ದಿನ ಮೀನುಗಳು ಕಾಳು ಮುಟ್ಟಲಿಲ್ಲ. ನಾಲ್ಕನೆಯ ದಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತ ಅಲ್ಲೇ ನಿಂತವು. ರೆಕ್ಕೆ ಮಡಿಚಿಕೊಂಡಿದ್ದವು. ಆಗಾಗ ಒಂದೊಂದು ಕೆಳಗಿಳಿದು ಮರಳಿಗೆ ಮೈ ಉಜ್ಜುತ್ತಿತ್ತು. ಅವನು ಇಡೀ ಮಧ್ಯಾಹ್ನ ಅಂಗಡಿ ತೆರೆಯದೆ ಗಾಜಿನ ಮುಂದೆ ಕೂತ. ಅವು ಮೇಲೆ ಬಂದು ಯಾರನ್ನೋ ಕಾಯುತ್ತಿವೆ ಎಂದು ಅವನಿಗೆ ಅನ್ನಿಸಿತು. ಯಾರನ್ನು ಎಂದು ಕೇಳುವುದು ಬೇಕಿರಲಿಲ್ಲ. ಅವನಿಗೂ ಅನ್ನ ಸೇರಲಿಲ್ಲ. ಹೇಳಿದರೆ ನಾಚಿಕೆ, ಆದರೆ ಅವನಿಗೆ ಒಳಗೊಳಗೇ ಒಂದು ಸಮಾಧಾನವೂ ಆಯಿತು. ಅವಳಿಗಾಗಿ ಕೊರಗುವುದು ತಾನೊಬ್ಬನೇ ಅಲ್ಲ.

ಆದರೂ ಕೈ ಕಟ್ಟಿ ಕೂರುವವನಲ್ಲ. ತನಗೆ ಗೊತ್ತಿದ್ದ ಮದ್ದನ್ನೇ ಮಾಡಿದ. ದಿನವೂ ನೀರು ಚೆಲ್ಲಿ ಹೊಸ ನೀರು ತುಂಬಿದ. ಗಾಜು ಒರೆಸಿದ, ಮರಳು ತೊಳೆದ. ವಾರದೊಳಗೆ ಎರಡು ಮೀನು ಸತ್ತವು.

ಕೊನೆಗೆ ಗಾಜಿನ ತೊಟ್ಟಿ ಮಾರಿದ್ದ ಬಣ್ಣದ ಮೀನಿನ ಅಂಗಡಿಯ ಹೆಂಗಸನ್ನು ಮನೆಗೆ ಕರೆತಂದ. ಅವು ನನ್ನ ಹೆಂಡತಿಗಾಗಿ ಹಂಬಲಿಸುತ್ತಿವೆ, ಇದಕ್ಕೆ ಮದ್ದಿದೆಯೇ ಎಂದು ಕೇಳಿದ. ಅವಳು ನಗಲಿಲ್ಲ. ನೀರನ್ನು ಅಂಗೈಯಲ್ಲಿ ಎತ್ತಿ ಮೂಸಿ ನೋಡಿದಳು.

“ಇವು ಯಾರನ್ನೂ ನೆನೆಸ್ಕೊಂಡು ಮೇಲೆ ಬಂದಿಲ್ಲ ಯಜಮಾನ್ರೇ. ಉಸಿರು ಕಟ್ತಾ ಇದೆ, ಅದಕ್ಕೆ ಬಂದಿವೆ. ಮೀನಿನ ಹೊಲಸು ಮೀನಿಗೇ ವಿಷ. ಅದನ್ನ ತಿಂದು ಹಾಕೋ ಜೀವ ಹಳೇ ಕಲ್ಲಿನ ಲೋಳೆಯಲ್ಲಿರ್ತದೆ, ಕಣ್ಣಿಗೆ ಕಾಣಲ್ಲ. ನೀವು ಅದನ್ನೇ ಉಜ್ಜಿ ಕುದಿಸಿದ್ದೀರಿ. ಹೊಸ ಹಾಲು ಎಷ್ಟು ಚೆನ್ನಾಗಿದ್ರೂ ಹಳೇ ಮೊಸರು ಒಂದು ಚಮಚ ಬೀಳದೆ ಹೆಪ್ಪಾಗ್ತದಾ? ಹಳೇ ತೊಟ್ಟಿದು ತೊಳೀದೇ ಇರೋದು ಏನಾದ್ರೂ ಉಳಿದಿದೆಯಾ?”

ಮೀನು ಬದುಕಬಹುದು ಎಂಬ ಸಂತೋಷ ಅವನಿಗೆ ಕೂಡಲೇ ಆಗಲಿಲ್ಲ. ಇಷ್ಟು ದಿನ ಕೊರಗಿದ್ದು ತಾನೊಬ್ಬನೇ ಎಂಬ ದುಃಖ ಮೊದಲು ಬಂತು. ಏನೂ ಉಳಿದಿಲ್ಲ ಎಂದ. ಎಲ್ಲವನ್ನೂ ತಾನೇ ತೊಳೆದೆ ಎಂದ. ಆಮೇಲೆ, ಒಂದು ಇದೆ ಎಂದ.

ಅದು ಒಂದು ಮಣ್ಣಿನ ಕುಡಿಕೆ. ಹೆಂಡತಿ ಮೊಸರಿಗೆ ಹೆಪ್ಪು ಹಾಕುತ್ತಿದ್ದದ್ದು. ಒಮ್ಮೆ ಅವಳ ಕೈ ಜಾರಿ ಅದರ ಬಾಯಿ ಒಡೆದಿತ್ತು. ಅಂದು ಅವನು ಬೈದಿದ್ದ. ಅವಳು ಸಿಟ್ಟಾಗದೆ, ಮೀನಿಗಾದರೂ ಮನೆಯಾಗಲಿ ಎಂದು ಅದನ್ನು ತೊಟ್ಟಿಗೆ ಇಳಿಸಿದ್ದಳು. ಎಲ್ಲ ತೊಳೆದ ದಿನ ಅವನು ಅದನ್ನೂ ಕೈಗೆ ತೆಗೆದುಕೊಂಡು ಬ್ರಷ್ಷು ಎತ್ತಿದ್ದ. ಆಗಲಿಲ್ಲ. ಬಿರುಕು ಬಿಟ್ಟ ತೊಟ್ಟಿಯ ತಳದ ನೀರಿನಲ್ಲಿ ಹಾಗೇ ಇಟ್ಟು, ಯಾರಿಗೂ ಕಾಣದಂತೆ ಹಲಗೆ ಮುಚ್ಚಿದ್ದ. ಅಂಥ ಕೊಳಕನ್ನು ಇಟ್ಟುಕೊಂಡದ್ದು ತನ್ನ ದೌರ್ಬಲ್ಯ ಎಂದು ಅವನು ನಂಬಿದ್ದ.

ಹೆಂಗಸು ಹಲಗೆ ಸರಿಸಿ ಕುಡಿಕೆಯನ್ನು ನೋಡಿದಳು. ಮೈತುಂಬ ಕಂದು ಲೋಳೆ. ಒಣಗದಂತೆ ಒಯ್ದು ಹೊಸ ತೊಟ್ಟಿಯಲ್ಲಿ ಇಡಲು ಹೇಳಿದಳು. ನಲ್ಲಿಯ ನೀರಿಗೆ ಔಷಧಿ ಬೆರೆಸಿರುತ್ತಾರೆ, ಒಂದು ದಿನ ಬಕೆಟ್ಟಿನಲ್ಲಿ ನಿಲ್ಲಿಸಿ ಸ್ವಲ್ಪ ಸ್ವಲ್ಪವೇ ಬದಲಾಯಿಸಿ ಎಂದಳು. ಕಾಳು ಕಡಿಮೆ ಹಾಕಿ, ಮರಳು ಮಾತ್ರ ತೊಳೆಯಬೇಡಿ ಎಂದು ಎರಡೆರಡು ಸಲ ಹೇಳಿ ಹೋದಳು.

ಕುಡಿಕೆ ಇಟ್ಟ ಮೂರನೆಯ ದಿನ ನೀರು ಗಂಜಿಯ ಹಾಗೆ ಮಸುಕಾಯಿತು. ಕ್ಯಾಲೆಂಡರ್ ಕಾಣದಾಯಿತು. ತೊಳೆಯಲು ಅವನ ಕೈ ಚಡಪಡಿಸಿತು. ಇನ್ನೊಂದು ಮೀನು ಸತ್ತಿತು. ಅಂದು ಅವನು ಬ್ರಷ್ಷನ್ನು ಪಕ್ಕದ ಮನೆಯವರಿಗೆ ಕೊಟ್ಟು ಬಂದ. ಮೂರು ವಾರ ಕಾದ.

ಒಂದು ಬೆಳಿಗ್ಗೆ ನೋಡಿದರೆ ನೀರಿನ ಮೇಲೆ ಒಂದೂ ಮೀನಿಲ್ಲ. ಬಗ್ಗಿ ನೋಡಿದ. ಮೂರೂ ಕೆಳಗೆ ಕುಡಿಕೆಯ ಸುತ್ತ ಆಡುತ್ತಿದ್ದವು. ಒಂದು ಅದರ ಒಡೆದ ಬಾಯಿಂದ ಒಳಗೆ ಹೋಗಿ, ಹಿಂದಿರುಗಿ ಬಂತು. ಅವನು ನೀರಿನ ಮೇಲೆ ಬೆರಳಾಡಿಸಿದ. ಮೂರೂ ಬಂದು ಬೆರಳನ್ನು ಮುಟ್ಟಿದವು. ಹೆಂಡತಿ ಸತ್ತಾಗ ಅಳದಿದ್ದವನು ಅಂದು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ನಿರಂಜನ ಮೆಲ್ಲಗೆ ಕೇಳಿದ.

“ಮೀನು ಬದುಕಿದವು, ಸರಿ. ಅವನ ಹಂಬಲ ಹೋಯಿತೇ ಗುರುಗಳೇ?”

“ಅವನದು ಇರಲಿ, ನಿನ್ನಲ್ಲಿ ಉಳಿದ ಕುಡಿಕೆಯನ್ನು ತೋರಿಸು. ನಿನ್ನ ಹೆಂಡತಿ ನಿನ್ನನ್ನು ಏನೆಂದು ಕರೆಯುತ್ತಿದ್ದಳು, ಹೇಳು.”

ನಿರಂಜನ ಬಾಯಿ ತೆರೆದ. ಮುಚ್ಚಿ, ಮತ್ತೆ ತೆರೆದ. ಗುರುಗಳು ಕಾದರು.