ಗುರುಮಲ್ಲನ ಕಾಲು ಬಿಡಿಸಿದ ಇನ್ನಾಸಪ್ಪ ಮೇಸ್ತ್ರಿ

ಬಹಳ ಹಿಂದಿನ ಮಾತು, ಕೇಳಿ. ಯಾವ ಇಸವಿ ಅಂತ ಮಾತ್ರ ಕೇಳಬೇಡಿ, ನನಗೆ ಹೇಳಿದವರಿಗೂ ಅದು ಗೊತ್ತಿರಲಿಲ್ಲ. ಬೆಟ್ಟದ ಬುಡದಲ್ಲಿ ಹಾಲ್ಕಣಿವೆ ಅಂತ ಒಂದೂರು. ಊರ ಹಿಂದಿನಿಂದಲೇ ಘಾಟಿ ಶುರು, ಒಟ್ಟು ಹದಿನೆಂಟು ತಿರುವು. ಆ ಊರಲ್ಲಿ ಇನ್ನಾಸಪ್ಪ ಅಂತ ಒಬ್ಬ ಮೇಸ್ತ್ರಿ ಇದ್ದನಂತೆ. ಬ್ರೇಕು ಅಂದರೆ ಇನ್ನಾಸಪ್ಪ, ಇನ್ನಾಸಪ್ಪ ಅಂದರೆ ಬ್ರೇಕು. ಲಾರಿ ಘಾಟಿ ಇಳಿಯುವ ಸದ್ದು ಕೇಳಿಯೇ ಯಾವ ಗಾಲಿ ಸರಿಯಾಗಿ ಹಿಡಿಯುತ್ತಿಲ್ಲ ಅಂತ ಅಂಗಡಿಯಲ್ಲಿ ಕೂತು ಹೇಳುತ್ತಿದ್ದನಂತೆ.

ಅದೇ ಊರಿನ ರೇಷ್ಮೆ ಮಿಲ್ಲಿನ ಯಜಮಾನರಿಗೆ ಒಂದು ಪರದೇಶದ ಕಾರಿತ್ತು. ಹಾಲಿನಂಥ ಬಿಳಿ. ಓಡಿಸುತ್ತಿದ್ದವನು ಗುರುಮಲ್ಲ. ಒಂದು ದಿನ ಯಜಮಾನರ ಮನೆಯ ಮೂವರು ಹೆಂಗಸರನ್ನು ಕೂರಿಸಿಕೊಂಡು ಘಾಟಿ ಇಳಿಯುತ್ತಿದ್ದ. ಮೇಲಿನಿಂದ ಹನ್ನೆರಡನೆಯ ತಿರುವಿನಲ್ಲಿ ಬ್ರೇಕು ಹಿಡಿಯಲಿಲ್ಲ. ಒತ್ತಿದ, ಒತ್ತಿದ, ಮತ್ತೆ ಮತ್ತೆ ಒತ್ತಿದ. ಕೊನೆಗೆ ಇದ್ದಬದ್ದ ಬಲವೆಲ್ಲ ಹಾಕಿ ತುಳಿದಾಗ ಗಾಲಿ ಕಚ್ಚಿಕೊಂಡಿತು. ಕಾರು ಕಮರಿಯ ಅಂಚಿನಲ್ಲಿ ನಿಂತಿತು. ಹಿಂದೆ ಕೂತ ಮೂವರೂ ಉಳಿದರು. ಸ್ಟೇರಿಂಗಿನ ಮೇಲೆ ಒರಗಿದ ಗುರುಮಲ್ಲ ಮಾತ್ರ ಏಳಲಿಲ್ಲ. ಎದೆ ಒಡೆದಿತ್ತು ಅಂತಾರೆ. ಪೆಡಲಿನ ಮೇಲಿಂದ ಅವನ ಬಲಗಾಲು ತೆಗೆಯಲು ಇಬ್ಬರು ಬೇಕಾಯಿತಂತೆ. ಕಾಲು ಬಂತು, ಪೆಡಲು ಮೇಲೆ ಬರಲಿಲ್ಲ.

ಕಾರಿಗೆ ಎತ್ತು ಕಟ್ಟಿ ಎಳೆದರು, ಲಾರಿ ಕಟ್ಟಿ ಎಳೆದರು. ಹಗ್ಗ ಹರಿಯಿತೇ ಹೊರತು ಕಾರು ಕದಲಲಿಲ್ಲ. ಯಜಮಾನರು ಅದರ ಮುಖ ನೋಡಲೊಲ್ಲದೆ ಅಲ್ಲೇ ಬಿಟ್ಟರು. ಆವತ್ತು ಹುಟ್ಟಿದ ಕೂಸು ಮದುವೆಯ ವಯಸ್ಸಿಗೆ ಬಂತು, ಕಾರು ಅಲ್ಲೇ ಇತ್ತು. ಎಲ್ಲ ಗಾಜಿಗೂ ಹೊರಗಿನ ಧೂಳು. ಡ್ರೈವರ್ ಕಡೆಯ ಗಾಜು ಮಾತ್ರ ಒಳಗಿನಿಂದ ಮಬ್ಬಾಗಿರುತ್ತಿತ್ತಂತೆ, ಯಾರೋ ಉಸಿರು ಬಿಟ್ಟ ಹಾಗೆ.

ಗುರುಮಲ್ಲನ ಹೆಂಡತಿ ಸಣ್ಣಮ್ಮ ಸೌದೆಗೆ ಆ ದಾರಿಯಲ್ಲೇ ಹೋಗಬೇಕಿತ್ತು. ಒಂದು ದಿನ ಅವಳು ತಲೆಯ ಮೇಲಿನ ಹೊರೆ ಇಳಿಸದೆಯೇ ಬಂದು ಇನ್ನಾಸಪ್ಪನ ಅಂಗಡಿ ಮುಂದೆ ನಿಂತಳು.

"ಮೇಸ್ತ್ರಿ, ಆ ಪೆಡಲು ಇನ್ನೂ ಕೆಳಗೇ ಇದೆ. ಇಷ್ಟು ವರ್ಷ ಒತ್ಕೊಂಡೇ ಇದ್ರೆ ಅವರ ಕಾಲು ಎಷ್ಟು ನೋಯ್ತಿರಬೇಕು? ಬಿಡಿಸಿಕೊಡಿ."

ಇನ್ನಾಸಪ್ಪನ ಮುಖ ಬಿಳಿಚಿಕೊಂಡಿತಂತೆ. ಮಾರನೆಯ ಬೆಳಗ್ಗೆ ಜಾಕಿ, ಸ್ಪ್ಯಾನರು, ಸೀಮೆಎಣ್ಣೆ ಹೊತ್ತು ಘಾಟಿ ಹತ್ತಿದ. ಹಿಂದೆಯೇ ಸಣ್ಣಮ್ಮ. ಬೇರೆ ಯಾರೂ ಬರಲಿಲ್ಲ.

ಆ ಕಾರಿನ ಮುಂದಿನ ಗಾಲಿಗಳ ಒಳಗೆ ಕಬ್ಬಿಣದ ತಟ್ಟೆ ಇತ್ತು. ಆ ತಟ್ಟೆಯನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುವುದೇ ಕ್ಯಾಲಿಪರ್. ಬಲಗಡೆಯದನ್ನು ಬಿಚ್ಚಲು ಒಂದು ಹಗಲು ಹಿಡಿಯಿತು, ಎಡಗಡೆಯದಕ್ಕೆ ಇನ್ನೊಂದು ಹಗಲು. ತುಕ್ಕು ಹಿಡಿದ ಬೋಲ್ಟು ತಿರುಗುವಾಗ ಮನುಷ್ಯ ನರಳಿದ ಹಾಗೆ ಸದ್ದು ಬರುತ್ತಿತ್ತಂತೆ. ಕ್ಯಾಲಿಪರಿನೊಳಗೆ ಸಿಕ್ಕಿಕೊಂಡಿದ್ದ ಪಿಸ್ಟನ್ನುಗಳನ್ನು ಕಿತ್ತು ಉಪ್ಪುಕಾಗದದಲ್ಲಿ ಉಜ್ಜಿದ. ಬಲಗಡೆಯದರ ರಬ್ಬರ್ ಸೀಲು, ಆಯಿಲ್ ಸೋರದಂತೆ ತಡೆಯುವ ಬಳೆಯಂಥದ್ದು, ಅದನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ಕೂತನಂತೆ. ಆಮೇಲೆ ಹೊಸ ಸೀಲು ಹಾಕಿ, ಹೊಸ ಪೈಪು ಕಟ್ಟಿ, ಕ್ಯಾಲಿಪರುಗಳನ್ನು ಕೂರಿಸಿ, ಗಾಲಿ ಹಾಕಿ ಗಾಳಿ ತುಂಬಿದ. ಇಷ್ಟೆಲ್ಲ ಬಿಚ್ಚಿ ಕಟ್ಟಿದರೂ ಪೆಡಲು ಮೇಲೆ ಬರಲಿಲ್ಲ. ಎರಡು ಕೈ ಹಾಕಿ ಎತ್ತಿದ, ಬರಲಿಲ್ಲ.

ಮೂರನೆಯ ದಿನ ಮಟಮಟ ಮಧ್ಯಾಹ್ನ. ಎಲೆ ಅಲ್ಲಾಡುತ್ತಿಲ್ಲ, ಹಕ್ಕಿಯ ದನಿಯಿಲ್ಲ. ಬ್ರೇಕ್ ಆಯಿಲ್ ತುಂಬಿ ಏರ್ ತೆಗೆಯಬೇಕು. ಅದು ಒಬ್ಬರ ಕೆಲಸ ಅಲ್ಲ. ಒಬ್ಬರು ಸೀಟಿನಲ್ಲಿ ಕೂತು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಹತ್ತಿರ ನಿಪ್ಪಲ್ ಅನ್ನುವ ಸಣ್ಣ ತಿರುಪು ಸಡಿಲಿಸಿ ಗಾಳಿಯ ಗುಳ್ಳೆಗಳನ್ನು ಹೊರಗೆ ಬಿಡಬೇಕು.

"ಅಕ್ಕ, ನೀವು ಸ್ವಲ್ಪ ಕೂತ್ಕೊಳ್ತೀರಾ?" ಅಂದ.

"ಅದು ಅವರ ಜಾಗ. ನಾನು ಕೂರಲ್ಲ" ಅಂದಳು ಸಣ್ಣಮ್ಮ.

ಇನ್ನಾಸಪ್ಪ ಏನೂ ತೋಚದೆ ಗಾಲಿಯ ಪಕ್ಕ ಮಲಗಿದ. ಅಷ್ಟು ವರ್ಷದ ಅಭ್ಯಾಸ, ಬಾಯಿಂದ ಮಾತು ತಾನಾಗಿ ಬಂತು: "ಒತ್ತು."

ಪೆಡಲು ಕಿರುಗುಟ್ಟಿತು. ಮೇಲೆ ಬಂತು, ಕೆಳಗೆ ಹೋಯಿತು. ಮೇಲೆ ಬಂತು, ಕೆಳಗೆ ಹೋಯಿತು. "ಹಿಡಿ" ಅಂದ, ನಿಂತಿತು. ನಿಪ್ಪಲ್ ಸಡಿಲಿಸಿದರೆ ಗುಳ್ಳೆ ಗುಳ್ಳೆಯಾಗಿ ಆಯಿಲ್ ಬಂತು. ಸಣ್ಣಮ್ಮ ಮನಸ್ಸು ಬದಲಿಸಿದಳು ಅಂದುಕೊಂಡು ತಲೆ ಹೊರಳಿಸಿ ನೋಡಿದನಂತೆ. ಸಣ್ಣಮ್ಮ ರಸ್ತೆಯಾಚೆಯ ಕಲ್ಲಿನ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಕಾರಿನ ಸೀಟು ಖಾಲಿ ಇತ್ತು.

ಓಡಿಹೋಗಬಹುದಿತ್ತು, ಹೋಗಲಿಲ್ಲ. ಒತ್ತು ಅಂದ, ಹಿಡಿ ಅಂದ, ಎರಡೂ ಗಾಲಿ ಮುಗಿಸಿದ. ಕೊನೆಯ ಗುಳ್ಳೆಯೂ ಹೋಯಿತು. ಇನ್ನು "ಬಿಡು" ಅನ್ನಬೇಕು. ಅದೊಂದು ಮಾತಿಗೆ ನಾಲಿಗೆ ಏಳಲಿಲ್ಲವಂತೆ.

ಎದ್ದು ಹೋಗಿ ಖಾಲಿ ಸೀಟಿಗೆ ಕೈ ಮುಗಿದು ನಿಂತ. "ಗುರುಮಲ್ಲಣ್ಣ, ಆವತ್ತು ನೀನು ಬ್ರೇಕು ಮಾಡಿಸೋಕೆ ಅಂಗಡಿಗೆ ಬಂದಾಗ, ಹೊಸ ಸೀಲು ಹಾಕಿದೀನಿ ಅಂತ ನಿನಗೆ ಸುಳ್ಳು ಹೇಳಿದೆ. ಹೊಸದು ಪೇಟೆಯಿಂದ ಬಂದಿರಲಿಲ್ಲ. ನಿನಗೆ ಅವಸರ ಇತ್ತು, ನನಗೆ ಹೆಸರು ಕೆಡುತ್ತೆ ಅನ್ನೋ ಭಯ. ಬಲಗಡೆಗೆ ಹಳೇದನ್ನೇ ತೊಳೆದು ಹಾಕಿದ್ದೆ."

ಸಣ್ಣಮ್ಮ ಎಲ್ಲ ಕೇಳಿಸಿಕೊಂಡಳು. ಇನ್ನಾಸಪ್ಪನ ಕಡೆ ನೋಡಲಿಲ್ಲ. ಕಾರಿನ ಹತ್ತಿರ ಬಂದು, ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದಳಂತೆ:

"ಸಾಕು ಕಣ್ರೀ. ಎಲ್ರೂ ಇಳಿದು ಮನೆ ಸೇರ್ಕೊಂಡ್ರು. ಕಾಲು ತೆಗೀರಿ."

ಪೆಡಲು ಮೆಲ್ಲಗೆ ಮೇಲೆ ಬಂತು. ಸೀಟಿನ ಸ್ಪ್ರಿಂಗು ಕಿರ್ ಅಂತು, ಭಾರದ ಮನುಷ್ಯ ಎದ್ದ ಹಾಗೆ. ಕಾರು ಇಳಿಜಾರಿಗೆ ಜರುಗಿತು. ಇನ್ನಾಸಪ್ಪ ಒಳಗೆ ನೆಗೆದು ಒತ್ತಿದ, ಒತ್ತಿದಲ್ಲೇ ನಿಂತಿತು. ಸೀಟು ಬೆಚ್ಚಗಿತ್ತಂತೆ. ಸಣ್ಣಮ್ಮ ಹಿಂದೆ ಹತ್ತಿ ಕೂತಳು. ಇಂಜಿನ್ನಿನಲ್ಲಿ ಜೀವವಿರಲಿಲ್ಲ. ಬರೀ ಬ್ರೇಕಿನ ಮೇಲೆ ಉಳಿದ ಆರು ತಿರುವನ್ನೂ ಇಳಿದು ಊರು ಸೇರಿದರು.

ಆ ಸಂಜೆ ಇನ್ನಾಸಪ್ಪ ತನ್ನ ತಪ್ಪನ್ನು ಊರ ಮುಂದೆ ಹೇಳಿಕೊಂಡ. ಸಣ್ಣಮ್ಮ ಅವನನ್ನು ಕ್ಷಮಿಸಿದಳು ಅಂತ ಕೆಲವರು ಹೇಳ್ತಾರೆ. ಸಾಯುವವರೆಗೂ ಮಾತಾಡಿಸಲಿಲ್ಲ ಅಂತ ಇನ್ನು ಕೆಲವರು. ನನಗೆ ಎರಡನೆಯದೇ ನಿಜ ಅನಿಸುತ್ತೆ.

ಇವತ್ತಿಗೂ ಹಾಲ್ಕಣಿವೆಯ ಮೆಕ್ಯಾನಿಕ್ಕುಗಳು ಬ್ರೇಕು ಬಿಚ್ಚಿದರೆ, ಹಳೆಯ ಸೀಲನ್ನು ಗಾಡಿಯವನ ಕಣ್ಣೆದುರೇ ಎರಡು ತುಂಡು ಮಾಡಿ ಅವನ ಕೈಗೆ ಕೊಡುತ್ತಾರೆ. ಆಮೇಲೆಯೇ ಹೊಸದರ ಪೊಟ್ಟಣ ಒಡೆಯುವುದು. ಏರ್ ತೆಗೆಯುವ ಹೊತ್ತಿಗೆ ಬೀದಿಯಲ್ಲಿ ಹೋಗುವ ಯಾರನ್ನಾದರೂ ಕರೆದು ಕೂರಿಸುತ್ತಾರೆ. ಎಷ್ಟು ಅವಸರವಿದ್ದರೂ ಯಾರೂ ಆಗಲ್ಲ ಅನ್ನುವುದಿಲ್ಲ. ಸೀಟು ಖಾಲಿ ಬಿಟ್ಟು "ಒತ್ತು" ಅನ್ನುವ ಧೈರ್ಯ ಆ ಊರಲ್ಲಿ ಇನ್ನೂ ಯಾರಿಗೂ ಬಂದಿಲ್ಲ.